ಗೋದಲಿ ಇದ್ದ ಜಾಗದಲ್ಲಿ ಊಟದ ಕೋಣೆ

ಲಕ್ಕಲಕಟ್ಟಿ ಗದಗ ಜಿಲ್ಲೆಯ ಒಂದು ಒಕ್ಕಲುತನದ ಊರು. ಮೊದಲು ರೋಣ ತಾಲ್ಲೂಕಿಗೆ ಸೇರಿದ್ದುದು ಈಗ ಗಜೇಂದ್ರಗಡ ತಾಲ್ಲೂಕಿನಲ್ಲಿದೆ. ಕಳೆದ ಸುಗ್ಗಿಯ ದಿನಗಳಲ್ಲಿ ಅಲ್ಲಿನ ಪರಿಚಿತ ರೈತ ಕುಟುಂಬವೊಂದು ನನ್ನನ್ನು ಮನೆಗೆ ಕರೆದಿತ್ತು. ಅವರ ಹಳೆಯ ಮಾಳಿಗೆಮನೆ ಅರ್ಧ ಹಾಗೆಯೇ ಉಳಿದು, ಅರ್ಧ ಹೊಸ ರೂಪ ಪಡೆಯುತ್ತಿತ್ತು. ಎತ್ತುಗಳನ್ನು ಮಾರಿ ಮೂರು ವರ್ಷಗಳಾಗಿದ್ದವು. ಹೊಲದ ಕೆಲಸವನ್ನು ಬಾಡಿಗೆಯ ಟ್ರ್ಯಾಕ್ಟರು ಮಾಡುತ್ತಿತ್ತು. ಹೀಗೆ ತಲಬಾಗಿಲಿನ ಒಳಗೆ ದನಗಳನ್ನು ಕಟ್ಟುತ್ತಿದ್ದ ತಗ್ಗಿನ ಅಂಕಣ ಬರಿದಾಗಿತ್ತು. ಅದರ ನೆಲವನ್ನು ಎತ್ತರಿಸಿ, ಗೋದಲಿಯನ್ನು ಕಿತ್ತು, ಅಲ್ಲೊಂದು ಊಟದ ಕೋಣೆಯನ್ನು ಮಾಡಬೇಕೆಂಬುದು ಹುಬ್ಬಳ್ಳಿಯಲ್ಲಿ ಉದ್ಯೋಗದಲ್ಲಿರುವ ಹಿರಿಯ ಮಗನ ಇಚ್ಛೆ. ಗದಗಿನಿಂದ ಆರು ಕುರ್ಚಿಗಳ ಮೇಜು ಅದೇ ದಿನ ಬಂದಿತ್ತು.

ಗೋಡೆಗೆ ಯಾವ ಬಣ್ಣ ಒಪ್ಪೀತು, ದೀಪವನ್ನು ಎಲ್ಲಿ ತೂಗುಹಾಕಬೇಕು, ಯಾವ ಚಿತ್ರವನ್ನು ಎಲ್ಲಿ ಇಡಬೇಕು ಎಂದು ಆತ ನನ್ನನ್ನು ಕೇಳುತ್ತಿದ್ದ. ನಾನೂ ತಿಳಿದವನಂತೆ ಸಲಹೆ ನೀಡುತ್ತಿದ್ದೆ. ಅಷ್ಟರಲ್ಲಿ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಆತನ ತಾಯಿ ಮೆಲ್ಲಗೆ ಹೇಳಿದರು: “ಮೇಜು ಬಂತು, ಕುರ್ಚಿ ಬಂದುವು, ಎಲ್ಲಾ ಚೊಲೋ ಆತು. ಆದರ ತಮ್ಮಾ, ರೊಟ್ಟಿ ಬಡಿಯಾಕಿ ಯಾವ ಕುರ್ಚಿ ಮ್ಯಾಲ ಕುಂದ್ರಬೇಕು?”

ಮಗ ನಕ್ಕುಬಿಟ್ಟ. ನಾನೂ ನಕ್ಕೆ. ಆದರೆ ಒಲೆಯ ಮುಂದಿದ್ದ ಸೊಸೆ ನಗಲಿಲ್ಲ. ಆ ಪ್ರಶ್ನೆ ಮಾತ್ರ ಊರಿಗೆ ಮರಳಿದ ಮೇಲೂ ನನ್ನನ್ನು ಬಿಡಲಿಲ್ಲ. ಊಟದ ಕೋಣೆಯ ವಿನ್ಯಾಸವೆಂದರೆ ಬಣ್ಣ, ಬೆಳಕು, ಪೀಠೋಪಕರಣಗಳ ಮಾತೆಂದು ನಾವು ಭಾವಿಸುತ್ತೇವೆ. ಚರಿತ್ರೆಯನ್ನು ತಿರುವಿ ನೋಡಿದರೆ ಅದು ಮೊದಲಿನಿಂದಲೂ ಬೇರೆಯೇ ಒಂದು ನಿರ್ಧಾರವಾಗಿತ್ತು. ಯಾರು ಯಾರೊಡನೆ ಕುಳಿತು ಉಣ್ಣಬೇಕು, ಯಾರು ಕಾಯಬೇಕು, ಯಾರು ಹೊರಗುಳಿಯಬೇಕು ಎಂಬ ನಿರ್ಧಾರ ಅದು.

ಊಟಕ್ಕೆಂದು ಕೋಣೆ ಇರಲಿಲ್ಲ

ನಮ್ಮ ಎರೆಭೂಮಿಯ ಹಳೆಯ ಮನೆಗಳಲ್ಲಿ ಊಟಕ್ಕೆಂದು ಪ್ರತ್ಯೇಕ ಕೋಣೆ ಇರಲಿಲ್ಲ. ದಪ್ಪನೆಯ ಮಣ್ಣು-ಕಲ್ಲಿನ ಗೋಡೆ, ಮರದ ಕಂಬ, ತೊಲೆ, ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ತಲಬಾಗಿಲನ್ನು ದಾಟಿದೊಡನೆ ತಗ್ಗಿನಲ್ಲಿ ದನಗಳ ಅಂಕಣ, ಅದಕ್ಕಿಂತ ಎರಡು ಮೂರು ಅಡಿ ಎತ್ತರದಲ್ಲಿ ಮನುಷ್ಯರ ಪಡಸಾಲೆ. ಪಡಸಾಲೆಯ ಹಿಂದೆ ನಡುಮನೆ, ಅಡಿಗೆಮನೆ, ಬಚ್ಚಲು. ಪಡಸಾಲೆಯೇ ಕುಳಿತುಕೊಳ್ಳುವ ಸ್ಥಳ, ಅದೇ ಮಲಗುವ ಸ್ಥಳ, ಸುಗ್ಗಿಯಲ್ಲಿ ಕಾಳಿನ ಚೀಲಗಳನ್ನು ಒಟ್ಟುವ ಸ್ಥಳ, ಊಟದ ವೇಳೆಗೆ ಉಣ್ಣುವ ಸ್ಥಳ. ಕಂಬಳಿಯನ್ನೋ ಜಮಖಾನವನ್ನೋ ಹಾಸಿ, ಗಂಗಾಳವನ್ನಿಟ್ಟು, ಪಕ್ಕದಲ್ಲಿ ತಂಬಿಗೆ ನೀರನ್ನಿಟ್ಟರೆ ಊಟದ ಕೋಣೆ ಸಿದ್ಧವಾಯಿತು. ಎದ್ದು ನೆಲವನ್ನು ಒರೆಸಿದರೆ ಅದು ಮಾಯವಾಯಿತು.

ಆದರೆ ಗೋಡೆಗಳಿಲ್ಲದ ಈ ಕೋಣೆಗೆ ಕಾಣದ ಗೋಡೆಗಳಿದ್ದವು. ಮನೆಯ ಹಿರಿಯ ಗಂಡಸರು ಹಾಗೂ ಬಂದ ಬೀಗರು ಪಡಸಾಲೆಯಲ್ಲಿ ಮೊದಲು ಉಣ್ಣುವರು. ಮಕ್ಕಳು ಅವರೊಡನೆಯೋ ಅಡಿಗೆಮನೆಯ ಬಾಗಿಲಲ್ಲೋ ಕೂಡುವರು. ಎಲ್ಲರ ಊಟ ಮುಗಿದ ಮೇಲೆ, ಉಳಿದ ಪಲ್ಯವನ್ನು ಗಡಿಗೆಯ ತಳದಿಂದ ಬಳಿದುಕೊಂಡು, ಹೆಂಗಸರು ಒಲೆಯ ಬಳಿಯಲ್ಲೇ ಉಣ್ಣುವರು. ಹೊಲದ ಆಳುಗಳಿಗೆ ಹೊರಗಿನ ಕಟ್ಟೆ. ಅವರಲ್ಲಿಯೂ ಕೆಲವರಿಗೆ ಕಟ್ಟೆಯೂ ಇಲ್ಲ, ಅಂಗಳವೇ ಗತಿ; ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯಲಾಗುತ್ತಿತ್ತು. ಈ ವ್ಯವಸ್ಥೆಯನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಆದರೂ ಯಾವ ಮಗುವಿಗೂ ಅದನ್ನು ಎರಡನೆಯ ಸಲ ಹೇಳಿಕೊಡಬೇಕಾಗಿರಲಿಲ್ಲ.

ಇದಕ್ಕೆ ರೂಢಿಯಷ್ಟೇ ಕಾರಣವಲ್ಲ, ಅಡಿಗೆಯ ರೀತಿಯೂ ಕಾರಣ. ಜೋಳದ ಹಿಟ್ಟಿನಲ್ಲಿ ಗೋಧಿಯಂತಹ ಅಂಟಿಲ್ಲ. ಅದನ್ನು ಬಿಸಿನೀರಿನಲ್ಲಿ ನಾದಿ, ಆಗಿಂದಾಗಲೇ ಕೈಯಿಂದ ಬಡಿದು, ಹಂಚಿನ ಮೇಲೆ ಹಾಕಬೇಕು. ಮೆತ್ತನೆಯ ರೊಟ್ಟಿ ಹಂಚಿನಿಂದ ನೇರವಾಗಿ ಗಂಗಾಳಕ್ಕೆ ಬಂದರೇ ಅದರ ರುಚಿ. ಎಂದಮೇಲೆ, ಉಣ್ಣುವವರು ಎಷ್ಟು ಹೊತ್ತು ಉಣ್ಣುವರೋ ಅಷ್ಟು ಹೊತ್ತು ಬಡಿಯುವವಳು ಏಳುವಂತಿಲ್ಲ. ಬಿಸಿ ರೊಟ್ಟಿಯ ಸುಖದ ಬೆಲೆಯನ್ನು ಒಬ್ಬಳು ತೆರುತ್ತಾಳೆ. ಲಕ್ಕಲಕಟ್ಟಿಯ ಆ ತಾಯಿ ಕೇಳಿದ ಪ್ರಶ್ನೆಯ ಬೇರು ಇಲ್ಲಿದೆ.

ಇಂತಹ ಮನೆಯ ಇನ್ನೊಂದು ಸಂಗತಿಯನ್ನು ನಾವು ಗಮನಿಸಬೇಕು. ಮನುಷ್ಯರಿಗೆ ಊಟದ ಕೋಣೆ ಇರದಿದ್ದರೂ ದನಗಳಿಗೆ ಊಟದ ಸ್ಥಳವೊಂದು ಕಟ್ಟಿಯೇ ಇರುತ್ತಿತ್ತು. ಅದೇ ಗೋದಲಿ. ಬೈಬಲ್ ಕಾಲದ ಪಾಲೆಸ್ತೀನಿನ ರೈತರ ಮನೆಗಳೂ ಬಹುಮಟ್ಟಿಗೆ ಹೀಗೆಯೇ ಇದ್ದವೆಂದು ವಿದ್ವಾಂಸರು ಹೇಳುತ್ತಾರೆ. ಒಂದೇ ಸೂರಿನಡಿ ತಗ್ಗಿನಲ್ಲಿ ಪಶುಗಳು, ಎತ್ತರದಲ್ಲಿ ಮನುಷ್ಯರು, ಅವೆರಡರ ಅಂಚಿನಲ್ಲಿ ಗೋದಲಿ. ಹಸುಳೆ ಯೇಸುವನ್ನು ಗೋದಲಿಯಲ್ಲಿ ಮಲಗಿಸಿದರೆಂದು ಸಂತ ಲೂಕರು ಬರೆದ ಮಾತು ನಗರದ ಓದುಗನಿಗೆ ದೂರದ ಕಥೆಯಂತೆ ತೋರಬಹುದು. ರೋಣ-ಗಜೇಂದ್ರಗಡದ ಕಡೆಯ ಹಿರಿಯರಿಗೆ ಅದು ತಮ್ಮದೇ ಮನೆಯ ಪಡಸಾಲೆಯ ಅಂಚು.

ಅರಸರ ಮುಕ್ಕಾಲಿ, ಹಂಪೆಯ ಕಲ್ಲುತಟ್ಟೆ

ಇದು ಬಡವರ, ರೈತರ ಮನೆಯ ಮಾತಾಯಿತು. ಅರಮನೆಗಳಲ್ಲಿ ಹೇಗಿತ್ತು? ಕಲ್ಯಾಣ ಚಾಲುಕ್ಯರ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಅರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳಿವೆ. ಅದರಲ್ಲಿ ಅನ್ನಭೋಗಕ್ಕೆಂದೇ ಒಂದು ಭಾಗ ಮೀಸಲಾಗಿದೆ. ಅರಸನು ಮೆತ್ತನೆಯ ಆಸನದ ಮೇಲೆ ಪೂರ್ವಾಭಿಮುಖವಾಗಿ ಕುಳಿತು, ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಿಳಿಯ ವಸ್ತ್ರವನ್ನು ಹರಡಿಕೊಂಡು, ಬಂಗಾರದ ಹರಿವಾಣದಲ್ಲಿ, ಸುತ್ತಲೂ ಬಟ್ಟಲುಗಳನ್ನಿಟ್ಟು ಉಣ್ಣಬೇಕೆಂದು ಅಲ್ಲಿ ಹೇಳಿದೆ. ಇಂದು ನಾವು ಹೋಟೆಲುಗಳಲ್ಲಿ ಮಡಿಲ ಮೇಲೆ ಹಾಸಿಕೊಳ್ಳುವ ಕೈವಸ್ತ್ರ ಪಶ್ಚಿಮದಿಂದಲೇ ಬಂದದ್ದೆಂದು ತಿಳಿದವರು ಈ ವಿವರವನ್ನು ನೆನೆಯಬೇಕು.

ನಾಲ್ಕು ಶತಮಾನಗಳ ತರುವಾಯ, 1535ರ ಸುಮಾರಿಗೆ, ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್ ವಿಜಯನಗರದಲ್ಲಿದ್ದ. ಅರಸನು ಊಟಕ್ಕೆ ಕೂಡುವಾಗ ಗಂಡಸರೆಲ್ಲರೂ ಹೊರಗೆ ಹೋಗುತ್ತಿದ್ದರು, ಆ ಕೆಲಸಕ್ಕೆ ನೇಮಕವಾದ ಸ್ತ್ರೀಯರು ಮೂರು ಕಾಲಿನ ದುಂಡನೆಯ ಬಂಗಾರದ ಪೀಠವನ್ನು ತಂದಿಟ್ಟು ಅದರ ಮೇಲೆ ಭಕ್ಷ್ಯಗಳನ್ನು ಇಡುತ್ತಿದ್ದರು, ಅದರ ಮೇಲೆ ಬಟ್ಟೆ ಹಾಸುತ್ತಿರಲಿಲ್ಲ ಎಂದು ಆತ ಬರೆದಿದ್ದಾನೆ. ಈ ವರ್ಣನೆಯನ್ನು ಓದುವಾಗ ಉತ್ತರ ಕರ್ನಾಟಕದವರಿಗೆ ತಟ್ಟನೆ ಹೊಳೆಯುವ ವಸ್ತು ಅಡ್ಡಣಿಗೆ. ಗಂಗಾಳವನ್ನು ನೆಲದಿಂದ ತುಸು ಎತ್ತರದಲ್ಲಿಡುವ ಆ ಮೂರು ಕಾಲಿನ ಆಸರೆ ನಮ್ಮ ಮಠಗಳಲ್ಲಿ ಹಾಗೂ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಮೇಜು ಬರುವ ಮೊದಲು ನಮ್ಮಲ್ಲಿ ಮೇಜೇ ಇರಲಿಲ್ಲವೆನ್ನುವುದು ಪೂರ್ತಿ ನಿಜವಲ್ಲ. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಮೇಜು ಇತ್ತು. ಅನೇಕರು ಒಂದೇ ಹಲಗೆಯನ್ನು ಹಂಚಿಕೊಳ್ಳುವ ಮೇಜು ಇರಲಿಲ್ಲ, ಅಷ್ಟೇ. ಅರಸನಂತೂ ಒಂಟಿಯಾಗಿಯೇ ಉಣ್ಣುತ್ತಿದ್ದ. ಅತಿ ದೊಡ್ಡವನ ಊಟದ ಕೋಣೆ ಅತಿ ಒಂಟಿಯಾದ ಕೋಣೆಯಾಗಿತ್ತು.

ಅದೇ ಹಂಪೆಯಲ್ಲಿ ಇನ್ನೊಂದು ಬಗೆಯ ಊಟದ ಮನೆಯೂ ಇದೆ. ಕಲ್ಲಿನ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು. ಒಂದೊಂದು ತಟ್ಟೆಯಲ್ಲಿಯೂ ವ್ಯಂಜನಗಳಿಗೆಂದು ಕೊರೆದ ಚಿಕ್ಕ ಗುಳಿಗಳು. ಭೋಜನಶಾಲೆಯೆಂದೇ ಜನರು ಅದನ್ನು ಕರೆಯುತ್ತಾರೆ. ಉಂಡವರು ಅಲ್ಲಿಯೇ ಹರಿಯುವ ನೀರಿನಲ್ಲಿ ಕೈ ತೊಳೆಯಬಹುದಾಗಿತ್ತು. ಅರಸನ ಬಂಗಾರದ ಪೀಠ ಎಲ್ಲಿ ಹೋಯಿತೋ ಕಾಣೆ. ಸಾಲಿನಲ್ಲಿ ಕುಳಿತು ಉಂಡವರ ಕಲ್ಲುತಟ್ಟೆಗಳು ಬಿಸಿಲಿನಲ್ಲಿ ಹಾಗೆಯೇ ಬಿದ್ದಿವೆ.

ಸಾಲೂಟದ ಹಿರಿಮೆಯನ್ನು ಈ ನೆಲ ಚೆನ್ನಾಗಿ ಬಲ್ಲದು. ತಪಸ್ವಿಗಳ ಹಾಗೂ ವಿದ್ಯಾರ್ಥಿಗಳ ಊಟಕ್ಕೆಂದು ಭೂಮಿಯನ್ನು ಬಿಟ್ಟುಕೊಟ್ಟ ದಾನಗಳನ್ನು ಈ ಭಾಗದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಕಾಣಬಹುದು. 12ನೆಯ ಶತಮಾನದ ಶರಣರು ದಾಸೋಹವನ್ನು ಬದುಕಿನ ತತ್ತ್ವವನ್ನಾಗಿಯೇ ಮಾಡಿಕೊಂಡರು. ಯಾರ ಕೈಯ ಅನ್ನವನ್ನು ಯಾರು ಉಣ್ಣಬಾರದೆಂಬ ಕಟ್ಟಳೆಯೇ ಸಮಾಜದ ಬೆನ್ನೆಲುಬಾಗಿದ್ದ ಕಾಲದಲ್ಲಿ ಅವರು ಕೂಡಿ ಉಂಡರು. ಊಟದ ಪಂಕ್ತಿಯನ್ನು ಬದಲಿಸುವುದೆಂದರೆ ಊರನ್ನೇ ಬದಲಿಸಿದಂತೆ ಎಂಬುದನ್ನು ಅವರ ವಿರೋಧಿಗಳೂ ಅರಿತಿದ್ದರು.

ಒಂಬತ್ತು ಜನರ ಕೋಣೆ

ಕೋಣೆಯ ಅಳತೆಯೇ ಮನುಷ್ಯರನ್ನು ಒಡೆದ ಇನ್ನೊಂದು ಪ್ರಸಂಗ ನಮ್ಮ ಪವಿತ್ರ ಗ್ರಂಥದಲ್ಲಿಯೇ ಇದೆ. ರೋಮನ್ನರ ಸಿರಿವಂತ ಮನೆಗಳಲ್ಲಿ ಊಟಕ್ಕೆ ಪ್ರತ್ಯೇಕ ಕೋಣೆಯಿತ್ತು. ಅದನ್ನು ಟ್ರಿಕ್ಲಿನಿಯಮ್ ಎನ್ನುತ್ತಿದ್ದರು. ಮೂರು ಮಂಚಗಳ ಕೋಣೆಯೆಂದು ಅದರ ಅರ್ಥ. ಮೂರು ಬದಿಗೆ ಮೂರು ಮಂಚಗಳು, ಒಂದೊಂದರ ಮೇಲೆ ಮೂವರಂತೆ ಒಂಬತ್ತು ಜನರು ಎಡ ಮೊಣಕೈಯನ್ನೂರಿ ಒರಗಿಕೊಂಡು ಉಣ್ಣುವರು. ನಾಲ್ಕನೆಯ ಬದಿ ಬಡಿಸುವ ಆಳುಗಳಿಗೆ ತೆರೆದಿರುವುದು. ಮಂಚದ ಮೇಲೆ ಯಾರ ಸ್ಥಾನ ಯಾವುದೆಂಬುದು ಅವರವರ ಅಂತಸ್ತನ್ನು ತೋರಿಸುತ್ತಿತ್ತು.

ಕೊರಿಂಥದ ವಿಶ್ವಾಸಿಗಳು ಇಂತಹ ಮನೆಗಳಲ್ಲಿಯೇ ಪ್ರಭುವಿನ ಭೋಜನಕ್ಕಾಗಿ ಕೂಡುತ್ತಿದ್ದರು. ಕೆಲವರು ಹೊಟ್ಟೆ ಬಿರಿಯುವಂತೆ ತಿಂದು ಕುಡಿದರೆ ಮತ್ತೆ ಕೆಲವರು ಹಸಿದೇ ಇರುವರೆಂದು ಸಂತ ಪೌಲರು ತಮ್ಮ ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ ಅವರನ್ನು ಕಟುವಾಗಿ ಗದರಿಸುತ್ತಾರೆ. ಹೀಗಾಗಲು ಮನೆಯ ರಚನೆಯೂ ಕಾರಣವಾಗಿದ್ದಿರಬೇಕೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಕೊರಿಂಥದಲ್ಲಿ ಅಗೆದು ತೆಗೆದ ಒಂದು ಸಿರಿವಂತ ಮನೆಯ ಊಟದ ಕೋಣೆ ಸುಮಾರು 5.5 ಮೀಟರು ಅಗಲ, 7.5 ಮೀಟರು ಉದ್ದ ಇದೆ. ಮಂಚಗಳನ್ನು ಹಾಕಿದರೆ ಒಳಗೆ ಹಿಡಿಸುವವರು ಕೆಲವರೇ. ಮನೆಯೊಡೆಯನ ಆಪ್ತರು ಒಳಗೆ ಒರಗುವರು. ದುಡಿದು ತಡವಾಗಿ ಬಂದ ಕೂಲಿಕಾರರು, ದಾಸರು ಅಂಗಳದಲ್ಲಿ ಉಳಿಯುವರು. ಊಟಕ್ಕೆ ಕೂಡಿದಾಗ ಒಬ್ಬರು ಇನ್ನೊಬ್ಬರಿಗಾಗಿ ಕಾದಿರಬೇಕೆಂಬುದು ಪೌಲರು ಕೊಟ್ಟ ಪರಿಹಾರ. ಅವರು ಗೋಡೆಯನ್ನು ಒಡೆಯಲು ಹೇಳಲಿಲ್ಲ. ಗಡಿಯಾರವನ್ನು ಬದಲಿಸಲು ಹೇಳಿದರು. ಪಡಸಾಲೆ ಮತ್ತು ಒಲೆಯ ನಡುವಿನ ನಮ್ಮ ಸಮಸ್ಯೆಗೂ ಇದು ಹೊರತಾದ ಮಾತಲ್ಲ.

ಈಗ ನಮ್ಮ ಊಟದ ಕೋಣೆಗಳ ಗೋಡೆಯ ಕಡೆಗೆ ನೋಡೋಣ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಊಟದ ಮೇಜಿನ ಮೇಲ್ಭಾಗದಲ್ಲಿ ಕಡೆಯ ಭೋಜನದ ಚಿತ್ರವೊಂದು ತೂಗುತ್ತಿರುತ್ತದೆ. ಲಿಯೊನಾರ್ಡೊ ದ ವಿಂಚಿಯ ಮೂಲ ಚಿತ್ರವೂ ಊಟದ ಕೋಣೆಗಾಗಿಯೇ ಹುಟ್ಟಿದ್ದು. ಇಟಲಿಯ ಮಿಲಾನ್ ನಗರದ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಎಂಬ ದೊಮಿನಿಕನ್ ಮಠದ ಭೋಜನಶಾಲೆಯ ಗೋಡೆಯ ಮೇಲೆ 1495ರಿಂದ 1498ರ ನಡುವೆ ಆತ ಅದನ್ನು ಬರೆದ. ಸುಮಾರು 4.6 ಮೀಟರು ಎತ್ತರ, 8.8 ಮೀಟರು ಅಗಲದ ಚಿತ್ರವದು. ಯೇಸುವಿನ ಕಾಲದಲ್ಲಿ ಹಬ್ಬದ ಭೋಜನಕ್ಕೆ ಜನರು ಒರಗಿ ಉಣ್ಣುತ್ತಿದ್ದರೂ, ಚಿತ್ರಕಾರನು ಅವರನ್ನು ಬಿಳಿಬಟ್ಟೆ ಹಾಸಿದ ಉದ್ದ ಮೇಜಿನ ಹಿಂದೆ ಕೂಡಿಸಿದ. ಕೆಳಗೆ ಕುಳಿತು ಉಣ್ಣುವ ಸನ್ಯಾಸಿಗಳಿಗೆ ಕ್ರಿಸ್ತನೂ ಶಿಷ್ಯರೂ ತಮ್ಮದೇ ಕೋಣೆಯಲ್ಲಿ, ಇನ್ನೊಂದು ಮೇಜಿಗೆ ಕುಳಿತಂತೆ ಕಾಣಬೇಕೆಂಬುದು ಆ ರಚನೆಯ ಮರ್ಮ.

ಆದರೆ 1652ರಲ್ಲಿ ಒಂದು ಸಂಗತಿ ನಡೆಯಿತು. ಅಡಿಗೆಮನೆಯಿಂದ ಭೋಜನಶಾಲೆಗೆ ಬರುವ ಬಾಗಿಲನ್ನು ದೊಡ್ಡದು ಮಾಡಲೆಂದು ಆ ಗೋಡೆಯನ್ನು ನಡುವೆ ಕೊರೆದರು. ಚಿತ್ರದಲ್ಲಿ ಮೇಜಿನ ಕೆಳಗಿದ್ದ ಯೇಸುವಿನ ಪಾದಗಳು ಹೋಗಿಬಿಟ್ಟವು. ಮುಂದೆ ಆ ಬಾಗಿಲನ್ನು ಮುಚ್ಚಿದರೂ ಪಾದಗಳು ಮರಳಲಿಲ್ಲ. 1999ರಲ್ಲಿ ಮುಗಿದ ಇಪ್ಪತ್ತು ವರ್ಷಗಳ ಜೀರ್ಣೋದ್ಧಾರವೂ ಅವನ್ನು ತರಲಾರದಾಯಿತು. ಅದೇ ಭೋಜನದ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದವರ ಪಾದಗಳು ಅವು. ಬಡಿಸುವ ಅನುಕೂಲಕ್ಕಾಗಿ ನಾವು ಏನನ್ನು ಕತ್ತರಿಸುತ್ತೇವೆಂಬುದು ಕತ್ತರಿಸುವಾಗ ನಮಗೆ ತಿಳಿದಿರುವುದಿಲ್ಲ.

ಮೇಜು ಬಂದ ದಾರಿ

ಊಟಕ್ಕೊಂದು ಮೀಸಲು ಕೋಣೆ ಯೂರೋಪಿನಲ್ಲಿಯೂ ತೀರ ಹಳೆಯದಲ್ಲ. ಮಧ್ಯಯುಗದ ಪ್ರಭುಗಳು ದೊಡ್ಡ ಹಜಾರದಲ್ಲಿ ಕವಲುಗಾಲಿನ ಆಸರೆಗಳ ಮೇಲೆ ಉದ್ದನೆಯ ಹಲಗೆಗಳನ್ನಿಟ್ಟು ಉಂಡು, ಬಳಿಕ ಅವನ್ನು ತೆಗೆದಿಡುತ್ತಿದ್ದರು. ನಮ್ಮ ಪಡಸಾಲೆಯ ರೀತಿಯೇ ಅದು. ಅನುಕೂಲವಂತರ ಮನೆಗಳಲ್ಲಿ ಪ್ರತ್ಯೇಕ ಊಟದ ಕೋಣೆ ಸಾಮಾನ್ಯವಾದದ್ದು 18ನೆಯ ಶತಮಾನದಲ್ಲಿ. ಅದನ್ನೇ ಇಂಗ್ಲಿಷ್ ಅಧಿಕಾರಿಗಳು ತಮ್ಮ ಬಂಗಲೆಗಳಿಗೆ ತಂದರು. ಆಗ ರೋಣ ತಾಲ್ಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ನಮ್ಮ ಭಾಷೆಯೇ ಈ ದಾರಿಯನ್ನು ಹೇಳುತ್ತದೆ: ಕುರ್ಚಿ ಎಂಬುದರ ಮೂಲ ಅರಬ್ಬಿಯ ಕುರ್ಸಿ, ಮೇಜಿನ ಮೂಲ ಪಾರಸಿಯ ಮೇಜ್, ತಾಟು ಮರಾಠಿಯಿಂದ ಬಂದದ್ದು. ಉಣ್ಣು, ಊಟ, ಕೂಳು ಎಂಬ ಮಾತುಗಳು ಮಾತ್ರ ಅಚ್ಚಗನ್ನಡದವು. ಹಸಿವು ನಮ್ಮದು, ಪೀಠೋಪಕರಣ ಎರವಲು.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ಗುಳೇದಗುಡ್ಡಗಳಲ್ಲಿ ನೆಲೆಗಳನ್ನು ಸ್ಥಾಪಿಸಿದರು. ಗಜೇಂದ್ರಗಡ ಸೀಮೆ ಈ ಕೊನೆಯ ಎರಡರ ನಡುವೆ ಬರುತ್ತದೆ. ಸಭೆಯೊಳಗೆ ಜಾತಿಭೇದಕ್ಕೆ ಎಡೆಯಿಲ್ಲವೆಂಬ ವಿಷಯದಲ್ಲಿ ಅವರು ಕಟ್ಟುನಿಟ್ಟಾಗಿದ್ದರು. ಹೊಸದಾಗಿ ವಿಶ್ವಾಸಕ್ಕೆ ಬಂದವನಿಗೆ ಪ್ರಾರ್ಥನೆಯನ್ನು ಕಲಿಯುವುದು ಕಷ್ಟವಾಗಲಿಲ್ಲ. ನಿನ್ನೆಯವರೆಗೆ ಮುಟ್ಟದಿದ್ದವನ ಪಕ್ಕದಲ್ಲಿ ಕುಳಿತು ಉಣ್ಣುವುದು ಕಷ್ಟವಾಯಿತು. ಹಾಗೆ ಉಂಡವನಿಗೆ ತನ್ನ ಹಳೆಯ ಮನೆಯ ಪಡಸಾಲೆಯ ಬಾಗಿಲು ಮುಚ್ಚಿಹೋಗುತ್ತಿತ್ತು. ನಂಬಿಕೆಯ ಪರೀಕ್ಷೆ ಊಟದ ಸಾಲಿನಲ್ಲಿಯೇ ನಡೆಯಿತು.

ಸಾಮಾನ್ಯ ಹಳ್ಳಿಗನು ಮೇಜು-ಬೆಂಚಿಗೆ ಕುಳಿತು ಉಂಡದ್ದು ಹೆಚ್ಚಾಗಿ ಪೇಟೆಯ ಖಾನಾವಳಿಯಲ್ಲಿ. ಸಂತೆಗೆ, ಕಚೇರಿಗೆ, ಅಡತಿ ಅಂಗಡಿಗೆ ಬಂದವರು ಗದಗು, ಹುಬ್ಬಳ್ಳಿಗಳ ಖಾನಾವಳಿಗಳಲ್ಲಿ ರೊಟ್ಟಿಯೂಟ ಮಾಡುತ್ತಿದ್ದರು. ಅಲ್ಲಿಯೂ ಜಾತಿಯ ಹೆಸರಿನ ಫಲಕಗಳಿದ್ದವು. ಕೆಲವು ಕಡೆ ಬೇರೆ ಬಟ್ಟಲುಗಳೂ ಇದ್ದವು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ ತನ್ನ 15ನೆಯ ವಿಧಿಯಲ್ಲಿ ಉಪಾಹಾರಗೃಹಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು, 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡುವ ಕಾಯಿದೆ ಬಂದಿತು. ಇನ್ನು 2002ರಲ್ಲಿ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹದಿಂದ ಸರಕಾರಿ ಶಾಲೆಯ ಪಡಸಾಲೆಗಳೇ ದೊಡ್ಡ ಊಟದ ಕೋಣೆಗಳಾದವು. ಅಲ್ಲಿ ಮಕ್ಕಳು ಒಂದೇ ಸಾಲಿನಲ್ಲಿ, ಒಂದೇ ಪಾತ್ರೆಯ ಅನ್ನವನ್ನು ಉಣ್ಣುತ್ತಾರೆ. ಕಾನೂನು ಹೋಟೆಲಿನ ಬಾಗಿಲನ್ನು ತೆರೆಸಬಲ್ಲುದು, ಶಾಲೆಯ ಪಂಕ್ತಿಯನ್ನು ಸರಿಪಡಿಸಬಲ್ಲುದು. ಮನೆಯ ಊಟದ ಕೋಣೆಗೆ ಮಾತ್ರ ಅದು ಬರಲಾರದು. ಅಲ್ಲಿ ನಾವೇ ಕಾನೂನು.

ಅಳತೆ ಮತ್ತು ಅಲಂಕಾರ

ಹಾಗಾದರೆ ಊಟದ ಕೋಣೆಯನ್ನು ಕಟ್ಟಬಾರದೆ? ಖಂಡಿತ ಕಟ್ಟಬೇಕು. ಮೊಣಕಾಲು ನೋವಿನಿಂದ ನೆಲಕ್ಕೆ ಕೂಡಲಾರದ ಹಿರಿಯರಿಗೆ ಮೇಜು ಒಂದು ವರ. ಆದರೆ ಅಳತೆ ತಿಳಿದಿರಬೇಕು. ಮೇಜಿನ ಎತ್ತರ ಎರಡೂವರೆ ಅಡಿ, ಕುರ್ಚಿಯ ಆಸನ ಒಂದೂವರೆ ಅಡಿ ಇದ್ದರೆ ಕೂಡಲು ಹಿತ. ಒಬ್ಬೊಬ್ಬರಿಗೆ ಮೇಜಿನ ಅಂಚಿನಲ್ಲಿ ಎರಡು ಅಡಿ ಜಾಗ ಬೇಕು. ಕುರ್ಚಿಯನ್ನು ಹಿಂದಕ್ಕೆ ಸರಿಸಿ ಏಳಲು, ಹಿಂದೆ ಒಬ್ಬರು ಓಡಾಡಲು ಮೇಜಿನಿಂದ ಗೋಡೆಯವರೆಗೆ ಮೂರು ಅಡಿ ಬಿಡಬೇಕು. ಈ ಲೆಕ್ಕದಂತೆ ಆರು ಅಡಿ ಉದ್ದ, ಮೂರು ಅಡಿ ಅಗಲದ ಮೇಜಿಗೆ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ಕೋಣೆಯಾದರೂ ಬೇಕು. ತೂಗುದೀಪ ಮೇಜಿನಿಂದ ಎರಡೂವರೆ ಅಡಿ ಮೇಲಿದ್ದರೆ ಬೆಳಕು ತಟ್ಟೆಯ ಮೇಲೆ ಬೀಳುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ.

ಒಂದು ಬದಿಗೆ ಕುರ್ಚಿಗಳ ಬದಲು ಬೆಂಚನ್ನು ಹಾಕುವುದು ಒಳ್ಳೆಯದು. ಆರು ಕುರ್ಚಿಗಳಿಗೆ ಆರೇ ಜನ. ಏಳನೆಯವನು ಬಂದರೆ ಮನೆಯ ಹೆಣ್ಣುಮಗಳೇ ಏಳಬೇಕಾಗುತ್ತದೆ. ಬೆಂಚಿನಲ್ಲಾದರೆ ತುಸು ಸರಿದು ಕೂತರಾಯಿತು. ದೂರದರ್ಶನದ ಪೆಟ್ಟಿಗೆಗೆ ಈ ಕೋಣೆಯಲ್ಲಿ ಜಾಗ ಬೇಡ. ಹಳೆಯ ಬೆಳಕಿಂಡಿಯನ್ನು ಮುಚ್ಚದೆ ಗಾಜನ್ನು ಕೂಡಿಸಿದರೆ ಹಗಲು ದೀಪ ಬೇಕಾಗದು. ಗೋಡೆಯ ಗೂಡುಗಳನ್ನು ಉಳಿಸಿಕೊಂಡರೆ ತಂಬಿಗೆಗೂ ಉಪ್ಪಿನ ಭರಣಿಗೂ ಅದೇ ಕಪಾಟು.

ಅಲಂಕಾರಕ್ಕೆ ದೂರದ ಅಂಗಡಿಗಳಿಗೆ ಹೋಗಬೇಕಾಗಿಲ್ಲ. ಲಕ್ಕಲಕಟ್ಟಿಯ ಸುತ್ತಲಿನ ಸೀಮೆಯೇ ಒಂದು ದೊಡ್ಡ ಕರಕುಶಲ ಭಂಡಾರ. ಗುಳೇದಗುಡ್ಡದ ಖಣವನ್ನು ಮೇಜಿನ ನಡುವೆ ಉದ್ದಕ್ಕೆ ಹಾಸಬಹುದು. ಧಾರವಾಡದ ಕಡೆಯ ಕಸೂತಿಯ ಗೋಪುರ, ತೇರು, ನವಿಲುಗಳು ಕಿಟಕಿಯ ಪರದೆಗೆ ಒಪ್ಪುತ್ತವೆ. ಕೊಪ್ಪಳದ ಬಳಿಯ ಕಿನ್ನಾಳದ ಬಣ್ಣದ ಮರದ ಗೊಂಬೆಗಳು ಗೂಡಿನಲ್ಲಿ ನಿಲ್ಲಬಹುದು. ಇಳಕಲ್ಲಿನ ಕೆಂಪು ಕಲ್ಲು ಕೈತೊಳೆಯುವ ಕಟ್ಟೆಗೆ ತಕ್ಕದ್ದು. ನೆಲದ ಮೇಲೆ ಕೂಡಲು ಬಯಸುವ ಮಕ್ಕಳಿಗೆ ನವಲಗುಂದದ ಜಮಖಾನವಿದೆ. ತಲೆಮಾರುಗಳಿಂದ ಅದನ್ನು ನೇಯುತ್ತ ಬಂದವರು ಆ ಊರಿನ ಮುಸ್ಲಿಂ ಹೆಣ್ಣುಮಕ್ಕಳು. ಹೀಗೆ ಸಿಂಗರಿಸಿದ ಕೋಣೆಯಲ್ಲಿ ನೇಕಾರ, ಬಡಗಿ, ಕಲ್ಲುಕುಟಿಗ, ಚಿತ್ರಗಾರ ಎಲ್ಲರ ಕೈಯೂ ಇರುತ್ತದೆ. ಅವರ ಕೈಗಳಿಗೆ ಗೋಡೆಯ ಮೇಲೆ ಜಾಗ ಕೊಟ್ಟವರು ಅವರಿಗೆ ಮೇಜಿನಲ್ಲಿಯೂ ಜಾಗ ಕೊಡುತ್ತೇವೆಯೆ ಎಂಬುದಷ್ಟೇ ಪ್ರಶ್ನೆ.

ಮತ್ತೆ ಆ ಪ್ರಶ್ನೆ

ಲಕ್ಕಲಕಟ್ಟಿಯ ಮನೆಯವರು ತಾಯಿಯ ಮಾತನ್ನು ನಗುವಿನಲ್ಲಿ ತೇಲಿಸಿಬಿಡಲಿಲ್ಲ. ಅಂದು ಸಂಜೆ ಗೌಂಡಿಯೊಡನೆ ಮಾತಾಡಿ, ಅಡಿಗೆಮನೆಗೂ ಹೊಸ ಕೋಣೆಗೂ ನಡುವಿನ ಗೋಡೆಯನ್ನು ಸೊಂಟದ ಎತ್ತರದಿಂದ ಮೇಲಕ್ಕೆ ತೆರೆಯಬೇಕೆಂದು ನಿರ್ಧರಿಸಿದರು. ಒಲೆಯ ಬಳಿ ಇರುವವರಿಗೆ ಮೇಜಿನ ಮಾತು ಕೇಳಿಸಬೇಕು, ಮೇಜಿನಲ್ಲಿ ಇರುವವರಿಗೆ ಒಲೆಯ ಬಳಿಯವರ ಮುಖ ಕಾಣಬೇಕು. ರಾತ್ರಿಯ ಊಟಕ್ಕೆ ತಾಯಿಯೇ ಒಂದು ಉಪಾಯ ಹೇಳಿದರು: “ಸುಗ್ಗ್ಯಾಗ ಬಡಿದಿಟ್ಟ ಖಡಕ್ ರೊಟ್ಟಿ ಬುಟ್ಟಿ ತುಂಬ ಅದಾವ. ರಾತ್ರಿ ಅವನ್ನ ಮೇಜಿನ ಮ್ಯಾಲ ಇಟ್ಟು ಎಲ್ಲಾರೂ ಕೂಡೇ ಉಣ್ಣೂಣು. ಬಿಸಿ ರೊಟ್ಟಿ ಬೇಕಂದಾಂವ ತಾನೇ ಎದ್ದು ಬಡೀಲಿ.” ಅಂದು ರಾತ್ರಿ ಸೊಸೆ ನಮ್ಮೊಡನೆಯೇ ಕುಳಿತಳು. ಆರು ಕುರ್ಚಿಗಳಲ್ಲಿ ಯಾವುದು ತನ್ನದೆಂದು ತಿಳಿಯದೆ ಒಂದು ಗಳಿಗೆ ನಿಂತೇ ಇದ್ದಳು. ಅತ್ತೆ ತಮ್ಮ ಪಕ್ಕದ ಕುರ್ಚಿಯನ್ನು ಎಳೆದರು. ಗುರೆಳ್ಳಿನ ಚಟ್ನಿ, ಎಣಗಾಯಿ, ಮೊಸರು, ಖಡಕ್ ರೊಟ್ಟಿಯ ಸಪ್ಪಳ. ಆ ಮನೆಯಲ್ಲಿ ಹದಿನಾಲ್ಕು ವರ್ಷ ಬಾಳಿದವಳು ಅಂದು ಮೊದಲ ಬಾರಿ ಗಂಡನ ಎದುರಿಗೆ ಕುಳಿತು ಉಂಡಳೆಂದು ಆಮೇಲೆ ತಿಳಿಯಿತು.

ಮನಸ್ಸು ತುಂಬಿ ಮರಳಿದೆ. ಆದರೆ ಮನೆ ಸೇರಿದ ಮೇಲೆ ಇನ್ನೊಂದು ದೃಶ್ಯ ಕಣ್ಣ ಮುಂದೆ ಬಂದಿತು. ಅಂದು ಮಧ್ಯಾಹ್ನ ಆ ಭಾರವಾದ ಮೇಜನ್ನು ಗಾಡಿಯಿಂದ ಇಳಿಸಿ ಒಳಗೆ ಹೊತ್ತು ತಂದವರು ಇಬ್ಬರು ಆಳುಗಳು. ಕೆಲಸ ಮುಗಿದ ಮೇಲೆ ಅವರು ಹೊರಗಿನ ಕಟ್ಟೆಯ ಮೇಲೆ ಕುಳಿತು ಕಾಗದದ ಲೋಟಗಳಲ್ಲಿ ಚಹಾ ಕುಡಿದರು. ನಾನು ಒಳಗೆ ಹೊಸ ಕುರ್ಚಿಯಲ್ಲಿ ಕುಳಿತು, ಪಿಂಗಾಣಿಯ ಬಟ್ಟಲಿನಲ್ಲಿ ಚಹಾ ಕುಡಿಯುತ್ತ ಬಣ್ಣಗಳ ಬಗ್ಗೆ ಮಾತಾಡುತ್ತಿದ್ದೆ. ಆಗ ಐದು ಕುರ್ಚಿಗಳು ಬರಿದಾಗಿದ್ದವು. ಅವರನ್ನು ಒಳಗೆ ಕರೆಯಬೇಕೆಂದು ಮನೆಯವರಿಗೆ ಹೊಳೆಯಲಿಲ್ಲ. ಬೈಬಲನ್ನು ಓದುವ, ಇಂತಹ ಲೇಖನಗಳನ್ನು ಬರೆಯುವ ನನಗೂ ಹೊಳೆಯಲಿಲ್ಲ.

ಊಟದ ಕೋಣೆಯನ್ನು ಸಿಂಗರಿಸುವ ಕೆಲಸ ಹಾಗಾಗಿ ಒಂದು ದಿನಕ್ಕೆ ಮುಗಿಯುವಂತಹದಲ್ಲ. ಪ್ರಿಯ ಓದುಗರೇ, ಇಂದು ರಾತ್ರಿ ಊಟಕ್ಕೆ ಕೂಡುವ ಮೊದಲು ನಮ್ಮ ನಮ್ಮ ಮೇಜಿನ ಸುತ್ತ ಒಮ್ಮೆ ಕಣ್ಣು ಹಾಯಿಸೋಣ. ಯಾರು ಇನ್ನೂ ನಿಂತಿದ್ದಾರೆ, ಯಾರು ಇನ್ನೂ ಹೊರಗಿದ್ದಾರೆ ಎಂದು ನೋಡಿ, ಅವರು ಬರುವವರೆಗೆ ಕಾಯೋಣ. ಗೋದಲಿಯಿದ್ದ ಕಾಲದಲ್ಲಿ ಆ ಅಂಕಣದ ಯಾವ ದನವೂ ಹಸಿದು ಮಲಗುತ್ತಿರಲಿಲ್ಲ. ಅಲ್ಲಿ ಎದ್ದ ಹೊಸ ಕೋಣೆ ಅದಕ್ಕಿಂತ ಕಡಿಮೆಯದಾಗದಿರಲಿ.